ವಾರಾಂತ್ಯ ದಿಗ್ವಿಜಯ ಮೀಮಾಂಸೆ

ಶನಿವಾರ ಗುಡ್ಡ, ಭಾನುವಾರ ಕಡಲು. ಬಾಗಲಕೋಟೆ ಸೀಮೆಯ ಕಾಲೇಜು ಹುಡುಗರ ಈ ಪ್ರವಾಸಕ್ರಮವನ್ನು ಪಾಲಕರು ಇತ್ತೀಚಿನ ಚಾಳಿ ಎಂದು ಬಗೆದಿರುವುದು ಆಕರಗಳನ್ನು ನೋಡದ ದೋಷದಿಂದ. ಮೂಲ ಆಕರ ಹುನಗುಂದ ತಾಲೂಕಿನಲ್ಲೇ ಇದೆ. ಐಹೊಳೆಯ ಮೇಗುತಿ ಗುಡ್ಡದ ಬಸದಿಯ ಗೋಡೆಯ ಮೇಲೆ ರವಿಕೀರ್ತಿ 634ರಲ್ಲಿ ಬರೆಸಿದ ಶಾಸನವನ್ನು ವಿದ್ವಾಂಸರು ಪ್ರಶಸ್ತಿ ಎನ್ನುತ್ತಾರೆ. ಅದು ಪ್ರವಾಸ ವರದಿ ಎಂಬುದು ಈ ಪ್ರಬಂಧದ ಸಿದ್ಧಾಂತ. ಬಾದಾಮಿಯ ಗುಡ್ಡದಿಂದಿಳಿದ ಇಮ್ಮಡಿ ಪುಲಕೇಶಿ ಮದಗಜಗಳಂಥ ನೂರಾರು ಹಡಗುಗಳೊಡನೆ ಪಶ್ಚಿಮ ಕಡಲ ಪುರಿಯನ್ನು ಮುತ್ತಿದ ಸಂಗತಿ ಅಲ್ಲಿದೆ. ಅವನಿಗಿಂತ ಮೊದಲು ಚಿಕ್ಕಪ್ಪ ಮಂಗಳೇಶ ರೇವತೀದ್ವೀಪಕ್ಕೆ ಹೋಗಿಬಂದಿದ್ದ. ಮುಂದಿನ ಪ್ರವಾಸದ ಪಟ್ಟಿಯಲ್ಲಿ ಚಿಕ್ಕಪ್ಪನ ಹೆಸರು ಯಾಕಿಲ್ಲ ಎಂಬುದು ಮನೆತನದ ವಿಷಯ, ಇಲ್ಲಿ ಬೇಡ.

ಇಲ್ಲೊಂದು ಪೂರ್ವಪಕ್ಷ. ಬಾದಾಮಿಯ ಬಂಡೆ ಕಲಾದಗಿ ಶಿಲಾಸಮೂಹದ ಮರಳುಗಲ್ಲು. ಕೋಟಿಗಟ್ಟಲೆ ವರ್ಷಗಳ ಹಿಂದೆ ನೀರು ಹಾಸಿಹೋದ ಮರಳು ಗಟ್ಟಿಯಾದದ್ದು. ಅಲೆಯಾಡಿದ ಗೀರುಗಳು ಹಾಸುಗಲ್ಲಿನ ಮೇಲೆ ಇನ್ನೂ ಕಾಣುತ್ತವೆ. ಆದ್ದರಿಂದ "ದಂಡಿ ಇಲ್ಲೇ ಐತಿ, ಗೋಕರ್ಣಕ್ಕ ಯಾಕ ಹೋಗಬೇಕ್ರೀ?" ಎಂದು ಭೂಗರ್ಭಶಾಸ್ತ್ರದ ಮೇಷ್ಟ್ರು ವಾದ ಹೂಡಿದರು. ಪೌರಾಣಿಕ ಪಕ್ಷದವರು ಇನ್ನೂ ಮುಂದೆ ಹೋದರು: ಸಮುದ್ರವನ್ನೇ ಕುಡಿದ ಅಗಸ್ತ್ಯರ ಹೆಸರಿನ ಹೊಂಡ ಗುಹೆಗಳ ಬುಡದಲ್ಲೇ ಇರುವಾಗ, ಕುಡಿದದ್ದು ಬೇರೆಲ್ಲಿಗೆ ಹೋಗಿರಬೇಕು? ಎರಡೂ ವಾದ ಪ್ರಬಲವಾಗಿದ್ದವು. ಆದರೆ ಪ್ಯಾಂಟು ತೋಯಿಸದ ದಂಡೆ ದಂಡೆಯೇ ಅಲ್ಲವೆಂದು ಬಿ.ಎ. ಎರಡನೇ ವರ್ಷದವರು ಖಂಡಿಸಿದ್ದರಿಂದ, ಮತ್ತು ಬಸ್ಸಿನ ಮುಂಗಡ ಆಗಲೇ ಕೊಟ್ಟಾಗಿದ್ದರಿಂದ, ಪೂರ್ವಪಕ್ಷ ಬಿದ್ದುಹೋಯಿತು.

ಗುಡ್ಡದ ಕಾಂಡವನ್ನು ಬೇಗ ಮುಗಿಸಬಹುದು. ಮೂರನೇ ಗುಹೆಯಲ್ಲಿ ಮಂಗಳೇಶನ 578ರ ಶಾಸನವಿದೆ. ಹುಡುಗರು ಅದರ ಪಕ್ಕದಲ್ಲಿ ನಿಂತರು, ಹುಡುಗಿಯರು ಇಳಕಲ್ಲ ಸೀರೆಯಲ್ಲಿ ನಿಂತರು, ಶಾಸನವೊಂದು ಬಿಟ್ಟು ಉಳಿದದ್ದೆಲ್ಲ ಫೋಟೋದಲ್ಲಿ ಬಂತು. ಆ ಸೀರೆಯ ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ. ಎರಡನ್ನೂ ಎಳೆಗೆ ಎಳೆ ಕೊಂಡಿ ಹಾಕಿ ಕೂಡಿಸುತ್ತಾರೆ. ಗುಡ್ಡಕ್ಕೂ ಕಡಲಿಗೂ ಹಾಗೆ ಕೊಂಡಿಯಾದದ್ದು ರಾತ್ರಿಯ ಬಸ್ಸು.

ಬಸ್ಸು ಎಷ್ಟು ಗಂಟೆಗೆ ಹೊರಟಿತು ಎಂಬುದಕ್ಕೆ ಮೂರು ಪಾಠಾಂತರಗಳಿವೆ. ರವಿಕೀರ್ತಿಯಾದರೋ ಭಾರತಯುದ್ಧದಿಂದ 3735 ವರ್ಷ, ಶಕ 556 ಎಂದು ಎರಡು ಲೆಕ್ಕ ಕೊಟ್ಟವನು. ಯಲ್ಲಾಪುರ ದಾಟಿ ಅರಬೈಲು ಘಟ್ಟದ ತಿರುವುಗಳು ಶುರುವಾದಾಗ ವಾತಾಪಿಯ ಪುರಾಣಕ್ಕೊಂದು ಅಪವಾದ ಸಿಕ್ಕಿತು. ಆ ರಾಕ್ಷಸನಿಗೆ ಅಗಸ್ತ್ಯರ ಹೊಟ್ಟೆಯಿಂದ ಹೊರಬರಲು ಆಗಲಿಲ್ಲ. ಹುಬ್ಬಳ್ಳಿಯಲ್ಲಿ ತಿಂದ ಮಿರ್ಚಿಗೆ ಅಂಥ ಅಡ್ಡಿಯೇನೂ ಇರಲಿಲ್ಲ. ಗೋಕರ್ಣದಲ್ಲಿ ತೆಗೆದ ಮುನ್ನೂರು ಚಿತ್ರಗಳಲ್ಲಿ ಆಕಾಶ ಯಾವುದು, ಸಮುದ್ರ ಯಾವುದು ತಿಳಿಯದು. ಪುರಿಯ ಮುತ್ತಿಗೆಯ ದಿನ ಬಾನು ಕಡಲಿನಂತೆ, ಕಡಲು ಬಾನಿನಂತೆ ಕಂಡಿತೆಂದು ರವಿಕೀರ್ತಿಯೂ ಹೇಳುತ್ತಾನೆ. ಕ್ಯಾಮೆರಾದ ದೋಷ ಇಷ್ಟು ಪ್ರಾಚೀನವೆಂದು ತೋರಿಸಿದ್ದು ಈ ಪ್ರಬಂಧದ ಕಿರುಕಾಣಿಕೆ.

ಇನ್ನು ವರದಿಯ ವಿಚಾರ. ರವಿಕೀರ್ತಿ ಕೊನೆಗೆ ತನ್ನನ್ನು ಕಾಳಿದಾಸ, ಭಾರವಿಗಳ ಸಾಲಿಗೆ ಸೇರಿಸಿಕೊಂಡ. ನಮ್ಮ ಪ್ರವಾಸ ಕಾರ್ಯದರ್ಶಿ ವಿನಯವಂತ, ಬೇಂದ್ರೆಯವರೊಬ್ಬರನ್ನೇ ಹೆಸರಿಸಿದ್ದಾನೆ. ಸೋಲಿನ ಸುದ್ದಿ ಎರಡರಲ್ಲೂ ಇಲ್ಲ. ಪಲ್ಲವ ನರಸಿಂಹವರ್ಮ ಬಾದಾಮಿಯನ್ನು ಹಿಡಿದದ್ದು 642ರ ಸುಮಾರಿಗೆ. ಮೇಗುತಿಯ ವರದಿ ಅದಕ್ಕೂ ಮೊದಲೇ ಮುಗಿದಿತ್ತು. ವಿದ್ಯಾರ್ಥಿಗಳ ಪಲ್ಲವರು ಬಾದಾಮಿಯ ಮಂಗಗಳು. ಮೇಲಿನ ಶಿವಾಲಯದ ಮೆಟ್ಟಿಲಲ್ಲಿ ಅವು ರೊಟ್ಟಿಗಂಟು, ಶೇಂಗಾ ಚಟ್ನಿ, ಅಮೀನಗಡದ ಕರದಂಟು ಎಲ್ಲವನ್ನೂ ಒಂದೇ ದಾಳಿಯಲ್ಲಿ ಗೆದ್ದವು. ನರಸಿಂಹವರ್ಮ ಗೆದ್ದ ಮೇಲೆ ಬಾದಾಮಿಯ ಬಂಡೆಯ ಮೇಲೆ ಶಾಸನ ಬರೆಸಿ ಹೋದ. ಮಂಗಗಳು ಬಿಟ್ಟುಹೋದದ್ದು ಡಬ್ಬಿಯ ಮುಚ್ಚಳ. ಆದರೂ "ಊಟ ಸವಿದು, ಎಲ್ಲರೂ ಕ್ಷೇಮವಾಗಿ ಮರಳಿದೆವು" ಎಂದು ಕಾಲೇಜಿನ ವರದಿಯಲ್ಲಿದೆ. ಇದನ್ನು ಸುಳ್ಳೆನ್ನಲು ಬರುವುದಿಲ್ಲ. ಕಾರ್ಯದರ್ಶಿ ಚಾಲುಕ್ಯ ಪದ್ಧತಿಯನ್ನು ಚಾಚೂ ತಪ್ಪದೆ ಪಾಲಿಸಿ, ಶುಕ್ರವಾರ ಸಂಜೆಯೇ ವರದಿ ಬರೆದಿಟ್ಟು ಬಸ್ಸು ಹತ್ತಿದ್ದ. ಪ್ರಾಚಾರ್ಯರ ಸಹಿಯೂ ಶುಕ್ರವಾರದ್ದೇ.