ಮಚ್ಚೆ ಇರಲಿ, ಮೊಡವೆ ಹೋಗಲಿ

‘ನಾನು ಹೇಗಿದ್ದೀನೋ ಹಾಗೇ ಬರಲಿ’ ಎಂದು ಸ್ಟುಡಿಯೊದಲ್ಲಿ ಹೇಳುವ ಧೀರರು ಇದ್ದಾರೆ. ಫೋಟೊ ತೆಗೆಸಿಕೊಂಡು ಬಾಗಿಲ ತನಕ ಹೋಗುತ್ತಾರೆ, ಚಪ್ಪಲಿ ಮೆಟ್ಟುತ್ತಾರೆ, ಆಮೇಲೆ ತಿರುಗಿ ಬಂದು ದನಿ ತಗ್ಗಿಸಿ, ‘ಕಣ್ಣಿನ ಕೆಳಗೆ ಮಾತ್ರ ಸ್ವಲ್ಪ ನೋಡ್ಕೊಳ್ಳಿ’ ಎನ್ನುತ್ತಾರೆ.

ನಮ್ಮೂರಿನ ಸ್ಟುಡಿಯೊ ಗೆಳೆಯನ ಬಳಿ ಸಂಜೆ ಹೊತ್ತು ಕೂರುವುದು ನನ್ನ ಅಭ್ಯಾಸ. ಫೋಟೊ ತೆಗೆಯುವುದನ್ನು ನೋಡುವುದರಲ್ಲಿ ಅಂಥ ಸ್ವಾರಸ್ಯವಿಲ್ಲ. ತೆಗೆದ ಮೇಲಿನದೇ ನಿಜವಾದ ನಾಟಕ. ಪರದೆಯ ಮೇಲೆ ಒಂದು ಮೂಗು ಮೊರದಗಲ ಹಿಗ್ಗಿ ನಿಂತಿರುತ್ತದೆ. ಅಷ್ಟು ಹತ್ತಿರದಿಂದ ನೋಡಿದರೆ ಯಾವ ರೂಪವತಿಯೂ ಉಳಿಯುವುದಿಲ್ಲ. ‘ಅದಕ್ಕೇ ಸಾರ್, ಆಗಾಗ ಝೂಮ್ ಔಟ್ ಮಾಡ್ತಾ ಇರಬೇಕು, ಇಲ್ದಿದ್ರೆ ಕೈ ನಿಲ್ಲಲ್ಲ’ ಎನ್ನುತ್ತಾನೆ ಗೆಳೆಯ.

ಈ ಕೈಚಳಕ ಕಂಪ್ಯೂಟರಿನ ಜೊತೆ ಹುಟ್ಟಿದ್ದಲ್ಲ. ಮ್ಯೂನಿಕ್‌ನ ಫ್ರಾಂಜ್ ಹಾನ್‌ಫ್‌ಸ್ಟೆಂಗ್ಲ್ 1855ರ ಪ್ಯಾರಿಸ್ ಪ್ರದರ್ಶನದಲ್ಲಿ ಒಂದೇ ಭಾವಚಿತ್ರವನ್ನು ತಿದ್ದಿದ್ದು, ತಿದ್ದದ್ದು ಎಂದು ಎರಡು ಬಗೆಯಲ್ಲಿ ಇಟ್ಟು ಜನರನ್ನು ಬೆರಗುಗೊಳಿಸಿದ. ನೆಗೆಟಿವ್‌ನಲ್ಲಿ ಎಲ್ಲವೂ ತಿರುಗುಮುರುಗು ತಾನೆ? ಮುಖದ ಕಪ್ಪು ಕಲೆ ಅಲ್ಲಿ ತಿಳಿಯಾಗಿ ಕಾಣುತ್ತದೆ. ಅದರ ಮೇಲೆ ಮೊನಚಾದ ಪೆನ್ಸಿಲಿನಿಂದ ನವಿರಾಗಿ ಗೀಟೆಳೆದು ಕಪ್ಪು ತುಂಬಿದರೆ ಪ್ರಿಂಟಿನಲ್ಲಿ ಕಲೆ ಮಾಯ. ಕಪ್ಪು ಬಳಿದು ಬಿಳಿ ಮಾಡುವ ವಿದ್ಯೆ! (ಈಗ ಅದು ಬೇರೆ ಇಲಾಖೆಗಳಲ್ಲಿ ಮಾತ್ರ ಉಳಿದಿದೆ.) ನಾಲ್ ಸೋದರರ ಫೋಟೊಶಾಪ್ 1990ರಲ್ಲಿ ಬಂತು, ಮೊಡವೆ ಅಳಿಸುವ ‘ಹೀಲಿಂಗ್ ಬ್ರಷ್’ ಅದಕ್ಕೆ ಸೇರಿದ್ದು 2002ರಲ್ಲಿ. ಆಮೇಲೆ ಪೆನ್ಸಿಲ್ ಹಿಡಿದವರ ಕಣ್ಣಿಗೆ ವಿಶ್ರಾಂತಿ ಸಿಕ್ಕಿತು, ಕುತ್ತಿಗೆಗೆ ನೋವು ಬಂತು.

ಗೆಳೆಯನದು ಒಂದೇ ನಿಯಮ. ಎರಡು ವಾರದಲ್ಲಿ ತಾನಾಗಿಯೇ ಹೋಗುವಂಥದ್ದನ್ನು ಅಳಿಸು, ಉಳಿಯುವಂಥದ್ದನ್ನು ಮುಟ್ಟಬೇಡ. ಮೊಡವೆ ಬಾಡಿಗೆದಾರ, ಮಚ್ಚೆ ಮನೆ ಮಾಲೀಕ. ಆದರೆ ಗಿರಾಕಿಗಳಿಗೆ ಈ ಕಾನೂನು ಒಪ್ಪಿಗೆಯಾಗಬೇಕಲ್ಲ! ಗಂಡಿನ ಕಡೆಗೆ ಕಳಿಸುವ ಫೋಟೊದಲ್ಲಿ ಮಾಲೀಕನನ್ನೂ ಎಬ್ಬಿಸಿ ಎನ್ನುತ್ತಾರೆ. ಎಲ್ಲಕ್ಕಿಂತ ಹೆಚ್ಚಾಗಿ ಬರುವ ಬೇಡಿಕೆ ‘ಸ್ವಲ್ಪ ಬೆಳ್ಳಗೆ ಮಾಡಿ’ ಎಂಬುದು. ಮಾಡಿಕೊಟ್ಟರೆ ಮುಖವೊಂದು ಹಾಲಿನ ಬಣ್ಣಕ್ಕೆ ತಿರುಗುತ್ತದೆ. ಕಿವಿ, ಕುತ್ತಿಗೆ, ಮಡಿಲಲ್ಲಿಟ್ಟ ಕೈಗಳು ಮಾತ್ರ ಹುಟ್ಟಿದ ಬಣ್ಣದಲ್ಲೇ ಕೂತಿರುತ್ತವೆ. ಗಂಡಿನ ತಾಯಿ ಮೊದಲು ನೋಡುವುದೇ ಕೈಗಳನ್ನು. ಇಷ್ಟೆಲ್ಲ ಸುಳ್ಳು ಹೇಳಿಸುವ ಬದಲು ಆ ಹುಡುಗಿಯ ಚೆಂದದ ಕಪ್ಪಿಗೆ ಸರಿಯಾದ ಬೆಳಕು ಕೊಟ್ಟಿದ್ದರೆ ತಿದ್ದುವ ಕೆಲಸವೇ ಇರುತ್ತಿರಲಿಲ್ಲ ಎಂಬುದು ನನ್ನ ವಾದ. ನನ್ನ ವಾದಕ್ಕೆ ಅಲ್ಲಿ ಯಾರೂ ದುಡ್ಡು ಕೊಡುವುದಿಲ್ಲ.

ಅರಿಶಿನ ಶಾಸ್ತ್ರ ಮುಗಿಸಿದ ಮದುಮಗಳದು ಇನ್ನೊಂದು ಪೇಚು. ಚರ್ಮದ ಹಳದಿ ತಗ್ಗಿಸಲು ಇಡೀ ಚಿತ್ರದ ಬಣ್ಣ ಬದಲಿಸಿದರೆ ಚಿನ್ನದ ಸರ ಕಳೆಗೆಡುತ್ತದೆ, ಪಕ್ಕದಲ್ಲಿ ಕೂತ ವರನ ಬಿಳಿ ಪಂಚೆ ನೀಲಿಗೆ ತಿರುಗುತ್ತದೆ. ಹಾಗಾಗಿ ಚರ್ಮವನ್ನಷ್ಟೇ ಗುರುತಿಸಿ, ಒಡವೆಯ ಅಂಚು ಬಿಟ್ಟು ಬಿಟ್ಟು ತಿದ್ದಬೇಕು. ಸೊಂಟ ಸಣ್ಣ ಮಾಡಲು ಹೋದಾಗ ಹಿಂದಿನ ಮಂಟಪದ ಕಂಬವೂ ಮರ್ಯಾದೆಯಿಂದ ಒಳಕ್ಕೆ ಬಾಗಿಬಿಡುವುದುಂಟು. ಫ್ರಾನ್ಸಿನಲ್ಲಿ 2017ರಿಂದ, ಜಾಹೀರಾತಿನ ರೂಪದರ್ಶಿಯ ಮೈಕಟ್ಟನ್ನು ಸಣ್ಣಗೋ ದಪ್ಪಗೋ ಮಾಡಿದರೆ ‘ತಿದ್ದಿದ ಫೋಟೊ’ ಎಂದು ಅಚ್ಚು ಹಾಕಲೇಬೇಕು. ನಮ್ಮ ಕರಿಜ್ಮಾ ಆಲ್ಬಮ್ಮುಗಳಿಗೂ ಹುಟ್ಟುಹಬ್ಬದ ಫ್ಲೆಕ್ಸುಗಳಿಗೂ ಆ ಕಾನೂನು ಬಂದರೆ ಶುಭಾಶಯ ಕೋರುವ ಅಭಿಮಾನಿಗಳ ಹೆಸರಿಗೆ ಜಾಗವೇ ಉಳಿಯಲಿಕ್ಕಿಲ್ಲ.

ತೀರಿಕೊಂಡವರ ಫೋಟೊ ತಂದಾಗ ಮಾತ್ರ ಗೆಳೆಯ ತಮಾಷೆ ಬಿಡುತ್ತಾನೆ. ಒಟ್ಟಿಗೆ ಒಂದೂ ಫೋಟೊ ತೆಗೆಸಿಕೊಳ್ಳದ ಗಂಡಹೆಂಡತಿಯನ್ನು, ಅವರದು ಪಡಿತರ ಚೀಟಿಯಿಂದ, ಇವರದು ಯಾರದೋ ನಾಮಕರಣದ ಗುಂಪಿನಿಂದ ತೆಗೆದು ಜೋಡಿ ಮಾಡಬೇಕು. ಬೆಳಕು ಒಂದೇ ದಿಕ್ಕಿನಿಂದ ಬಿದ್ದಂತೆ ಕಾಣಬೇಕು. ಒಮ್ಮೆ ಮಗನೊಬ್ಬ ಅಪ್ಪನಿಗೆ ಕೋಟು, ಟೈ ಹಾಕಿಸಿದ. ಬೆನ್ನಿಗೇ ಬಂದ ತಾಯಿ, ‘ಇವರು ಯಾವ ಆಫೀಸಿನವರಪ್ಪಾ?’ ಎಂದು ಕೇಳಿ, ಹೆಗಲಿಗೆ ಟವೆಲ್ ಹಾಕಿಸಿಕೊಂಡು ಹೋದರು. ಹಣೆಯ ಸುಕ್ಕುಗಳನ್ನೂ ವಾಪಸ್ ಕೇಳಿದರು.

ಈಗಿನ ಹುಡುಗರಿಗೆ ಮೊಬೈಲೇ ಎಲ್ಲ ನಯ ಮಾಡಿ ಕೊಡುತ್ತದೆ. ‘ಅಣ್ಣಾ, ಇಷ್ಟು ದೊಡ್ಡ ಕ್ಯಾಮೆರಾ ಇಟ್ಕೊಂಡು ಇದ್ಯಾಕೆ ಹೀಗೆ ಬಂತು? ನನ್ನ ಫೋನಲ್ಲಿ ಇದಕ್ಕಿಂತ ಚೆನ್ನಾಗಿ ಬರುತ್ತೆ’ ಎಂದು ಜಗಳಕ್ಕೇ ನಿಲ್ಲುತ್ತಾರೆ. ಗೆಳೆಯ ಫೋನಿನಷ್ಟೇ ನಯ ಮಾಡುತ್ತಾನೆ. ಹಾಗೆ ಮಾಡಿದ ಮುಖ ದೊಡ್ಡ ಪ್ರಿಂಟಿನಲ್ಲಿ ಚರ್ಮವೆಂದೇ ಅನಿಸುವುದಿಲ್ಲವಾದ್ದರಿಂದ, ಅದರ ಮೇಲೆ ಮತ್ತೆ ಸಣ್ಣಗೆ ಒಂದಿಷ್ಟು ತರಿ ಉದುರಿಸುತ್ತಾನೆ. ಅಳಿಸಿದ್ದಕ್ಕೊಂದು ರೇಟು, ತರಿ ಹಾಕಿದ್ದಕ್ಕೊಂದು ರೇಟು.