ಇಂಗಳೇಶ್ವರದಿಂದ ಕ್ರಿಮಿನಾಲಜಿ ಎಂ.ಎ.: ಬಳಸುವ ವಿಧಾನ

ಈ ಪದವಿಯನ್ನು ಆರಿಸಿಕೊಂಡ ತಮಗೆ ಅಭಿನಂದನೆ. ಬಳಸುವ ಮೊದಲು ಕೈಪಿಡಿಯನ್ನು ಪೂರ್ತಿ ಓದಿ. ಓದದೆ ಊರಕಟ್ಟೆಯ ಮೇಲೆ ಪ್ರಯೋಗಿಸಿದರೆ ಆಗುವ ಅನಾಹುತಕ್ಕೆ ವಿಶ್ವವಿದ್ಯಾಲಯ ಹೊಣೆಯಲ್ಲ.

ಬೇಕಾಗುವ ಸಾಮಗ್ರಿ: ಒಂದು ಡಿಗ್ರಿ, ನಾಲ್ಕು ಸೆಮಿಸ್ಟರಿಗೆ ಸಾಲುವಷ್ಟು ತೊಗರಿ ಮಾರಿದ ರೊಕ್ಕ, ಬಸವನ ಬಾಗೇವಾಡಿ ಸ್ಟ್ಯಾಂಡಿನಲ್ಲಿ ಬಸ್ಸಿಗೆ ಕಾಯುವ ತಾಳ್ಮೆ. ಮನೆಯವರು ‘ಮಗ ಸಾಹೇಬ ಆಗ್ತಾನ’ ಎಂದುಕೊಂಡಿದ್ದರೆ ಎರಡು ವರ್ಷ ಹಾಗೇ ಬಿಡುವ ಜಾಣತನವೂ ಬೇಕು.

ಹಂತ 1: ಜಾಗ ಗೊತ್ತುಮಾಡಿಕೊಳ್ಳುವುದು

ವಿಜಯಪುರ ಜಿಲ್ಲೆಯವರಿಗೆ ಬೆಳಗಾವಿಯ ರಾಣಿ ಚನ್ನಮ್ಮ ವಿಶ್ವವಿದ್ಯಾಲಯವೇ ಮನೆ. 2010ರಲ್ಲಿ ಶುರುವಾದ ಈ ವಿಶ್ವವಿದ್ಯಾಲಯದಲ್ಲಿ ಅಪರಾಧಶಾಸ್ತ್ರ ಮತ್ತು ಕ್ರಿಮಿನಲ್ ನ್ಯಾಯದ ವಿಭಾಗವಿದೆ. ಹಳೆಯ ಹೆಸರೇ ಬೇಕೆಂದರೆ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯ. ಅಲ್ಲಿ ಇದರ ಜೊತೆಗೆ ವಿಧಿವಿಜ್ಞಾನವೂ ಸಿಗುತ್ತದೆ. ಎಲ್ಲಿಗೆ ಹೋದರೂ ಹಾಸ್ಟೆಲಿನ ಮೊದಲ ರಾತ್ರಿ ‘ವಿಜಯಪುರದವನಾ? ಭೀಮಾ ತೀರದವನು ಹಾಗಾದರೆ!’ ಎಂಬ ಮಾತು ಬರುತ್ತದೆ. ಭೀಮೆ ಹರಿಯುವುದು ಇಂಡಿ, ಸಿಂದಗಿಯ ಕಡೆ, ನಮ್ಮ ತಾಲೂಕಿನದು ಡೋಣಿ ಎಂದು ಭೂಗೋಳ ಬಿಡಿಸಲು ಹೋಗಬೇಡಿ. ಸುಮ್ಮನೆ ನಕ್ಕುಬಿಡಿ. ವರ್ಷವಿಡೀ ನಿಮ್ಮ ಬಕೆಟ್ಟನ್ನು ಯಾರೂ ಮುಟ್ಟುವುದಿಲ್ಲ.

ಹಂತ 2: ಊರಿಗೆ ತಿಳಿಸುವುದು

ಸಂಭಾಷಣೆ ಹೆಚ್ಚುಕಡಿಮೆ ಹೀಗೇ ಸಾಗುತ್ತದೆ:

‘ಏನ್ ಓದಾಕತ್ತೀಯೋ ತಮ್ಮಾ?’

‘ಕ್ರಿಮಿನಾಲಜಿ, ಕಾಕಾ.’

‘ಪಿಎಸ್‌ಐ ಆಗ್ತೀ ಅನ್ನು.’

‘ಅದಕ್ಕ ಯಾವ ಡಿಗ್ರಿ ಆದ್ರೂ ನಡೀತದ ಕಾಕಾ.’

‘ಮತ್ತ, ವಕೀಲ?’

‘ಅದಕ್ಕ ಎಲ್‌ಎಲ್‌ಬಿ ಬೇಕು.’

‘ಹಂಗಾರ ಕಳ್ಳ ಆಗಾಕೂ ಈಗ ಓದಬೇಕೇನು?’

ಇಲ್ಲಿ ಸಿಟ್ಟಾಗಬಾರದು. ಕಾಕಾನ ಪ್ರಶ್ನೆ ನೇರವಾಗಿ ಪಠ್ಯದಲ್ಲಿದೆ. ಓದಿದವರು, ಕುರ್ಚಿಯಲ್ಲಿ ಕೂತವರು ಮಾಡುವ ಅಪರಾಧಕ್ಕೆ ಅಮೆರಿಕದ ಸದರ್ಲೆಂಡ್ 1939ರಲ್ಲೇ ‘ಬಿಳಿ ಕಾಲರಿನ ಅಪರಾಧ’ ಎಂದು ಹೆಸರಿಟ್ಟ. ಉದಾಹರಣೆಗೆ ಅಮೆರಿಕಕ್ಕೆ ಹೋಗಬೇಕಿಲ್ಲ. ನಮ್ಮ 545 ಪಿಎಸ್‌ಐ ಹುದ್ದೆಗಳಿಗೆ 2021ರ ಅಕ್ಟೋಬರಿನಲ್ಲಿ ನಡೆದ ಪರೀಕ್ಷೆಯೇ ಹಗರಣವಾಗಿ 2022ರಲ್ಲಿ ರದ್ದಾಯಿತು. ನೇಮಕಾತಿ ವಿಭಾಗದ ಮುಖ್ಯಸ್ಥರಾಗಿದ್ದ ಎಡಿಜಿಪಿಯನ್ನೇ ಸಿಐಡಿ ಬಂಧಿಸಿತು. ಮರುಪರೀಕ್ಷೆ ನಡೆಯುವ ಹೊತ್ತಿಗೆ 2024ರ ಜನವರಿ. ಇಷ್ಟನ್ನು ಕಾಕಾನಿಗೆ ಹೇಳಿದರೆ ಚಹಾ ಅವನೇ ಹೇಳುತ್ತಾನೆ.

ಹಂತ 3: ಅಪರಾಧ ಎಂದರೇನು?

ಇದಕ್ಕೆ ಪ್ರಾಕ್ಟಿಕಲ್ ಊರಲ್ಲೇ ಇದೆ. ವಚನಗಳನ್ನು ಕಲ್ಲಲ್ಲಿ ಕೊರೆಸಿ ನಿಲ್ಲಿಸಿದ ಶಿಲಾಮಂಟಪ ಇಂಗಳೇಶ್ವರದಲ್ಲಿದೆ. ಬಸವಣ್ಣ ಏಳು ಬೇಡಗಳಲ್ಲಿ ಮುಗಿಸಿದ ಮಾತಿಗೆ ಭಾರತೀಯ ನ್ಯಾಯ ಸಂಹಿತೆ 358 ಕಲಮು ತೆಗೆದುಕೊಂಡಿದೆ. ಎರಡನ್ನೂ ಎದುರಿಗಿಟ್ಟು ತಾಳೆ ನೋಡಿ. ಕಳವು, 303ನೇ ಕಲಮಿನಲ್ಲಿದೆ. ಕೊಲೆ, 103ರಲ್ಲಿದೆ. ಸುಳ್ಳು? ಮನೆಯಲ್ಲಿ, ಸಂತೆಯಲ್ಲಿ ಹೇಳಿಕೊಳ್ಳಬಹುದು. ಪ್ರಮಾಣ ಮಾಡಿ ಕೋರ್ಟಿನಲ್ಲಿ ಹೇಳಿದರೆ ಅಪರಾಧ. ಸಿಟ್ಟು ಅಪರಾಧವೇ ಅಲ್ಲ. ಹಠಾತ್ತನೆ ಕೆರಳಿಸಿದ್ದರಿಂದ ಕೊಂದನೆಂದು ಸಾಬೀತಾದರೆ ಕೊಲೆಯ ಆರೋಪ ಒಂದು ಮೆಟ್ಟಿಲು ಇಳಿಯುತ್ತದೆ ಕೂಡ. ಇದಿರು ಹಳಿದರೆ ಮಾನಹಾನಿ ಎಂದು 356ರಲ್ಲಿ ಎಳೆಯಬಹುದು. ತನ್ನ ತಾನೇ ಬಣ್ಣಿಸಿಕೊಳ್ಳುವುದಕ್ಕೆ ಮಾತ್ರ ಯಾವ ಕಲಮೂ ಇಲ್ಲ. ಇದ್ದಿದ್ದರೆ ಚುನಾವಣೆ ನಡೆಸುವುದು ಕಷ್ಟವಿತ್ತು. ಪಾಪವೆಲ್ಲ ಅಪರಾಧವಲ್ಲ ಎಂಬುದು ಇಷ್ಟರಲ್ಲಿ ತಿಳಿಯಿತೆಂದರೆ ಮೊದಲ ಸೆಮಿಸ್ಟರ್ ಪಾಸು.

ಎಚ್ಚರಿಕೆ (ಕೆಂಪಕ್ಷರದಲ್ಲಿ ಓದಿಕೊಳ್ಳಿ)

ಮೋಟರಿನ ಕೇಬಲ್ ಕಳುವಾದ ಬೆಳಿಗ್ಗೆ ಕಟ್ಟೆಯ ಮೇಲೆ ಒಂದು ಮಾತು ಬಂದೇ ಬರುತ್ತದೆ: ‘ಮತ್ಯಾರು? ಅವರ ಮಂದೀನೇ ಹಂಗ.’ ಇದೇ ಮಾತನ್ನು ದೊಡ್ಡವರು ಪುಸ್ತಕ ಮಾಡಿದ್ದರು. ತಲೆಬುರುಡೆ, ದವಡೆ ನೋಡಿ ಹುಟ್ಟು ಅಪರಾಧಿಯನ್ನು ಗುರುತಿಸಬಹುದೆಂದು ಇಟಲಿಯ ಲೊಂಬ್ರೋಸೊ 1876ರಲ್ಲಿ ಬರೆದ. ಬ್ರಿಟಿಷರು ಅವನಿಗಿಂತ ಐದು ವರ್ಷ ಮುಂದಿದ್ದರು. 1871ರ ಕ್ರಿಮಿನಲ್ ಟ್ರೈಬ್ಸ್ ಕಾಯ್ದೆ ಇಡೀ ಸಮುದಾಯಗಳನ್ನು ಹುಟ್ಟಿನಿಂದಲೇ ಅಪರಾಧಿಗಳೆಂದು ಪಟ್ಟಿಗೆ ಹಾಕಿತು. ಮುಂದೆ ಅಂಥವರನ್ನು ತಂದು ಕೂಡಿಸಿದ ಸೆಟ್ಲ್‌ಮೆಂಟು ನಮ್ಮ ವಿಜಾಪುರದಲ್ಲೂ ಇತ್ತು. ಹುಬ್ಬಳ್ಳಿಯಲ್ಲಿ ಇವತ್ತಿಗೂ ಒಂದು ಬಡಾವಣೆಯ ಹೆಸರೇ ಸೆಟ್ಲ್‌ಮೆಂಟ್. ಕಾಯ್ದೆ 1952ರಲ್ಲಿ ಹೋಯಿತು. ಕಟ್ಟೆಯಲ್ಲಿ ಇನ್ನೂ ಜಾರಿಯಲ್ಲಿದೆ. ಎರಡು ವರ್ಷ ಓದಿಯೂ ಆ ಮಾತಿಗೆ ನಿಮ್ಮ ತಲೆ ಹೌದೆಂದು ಅಲ್ಲಾಡಿದರೆ ಪದವಿಯಲ್ಲಿ ತಯಾರಿಕಾ ದೋಷವಿದೆ. ವಾಪಸು ತೆಗೆದುಕೊಳ್ಳಲಾಗುವುದಿಲ್ಲ.

ದೋಷ ಮತ್ತು ಪರಿಹಾರ

ದೋಷ: ಕೊಲೆ ಎಂದರೆ ಬಾಯಿಗೆ 302 ಬರುತ್ತದೆ, ಮೋಸ ಎಂದರೆ 420.
ಪರಿಹಾರ: 2024ರ ಜುಲೈ 1ರಿಂದ ಅವು 103 ಮತ್ತು 318. ಪರೀಕ್ಷೆಯಲ್ಲಿ ಹೊಸದು ಬರೆಯಿರಿ, ಊರಲ್ಲಿ ಹಳೆಯದನ್ನೇ ಆಡಿ. ಯಾರನ್ನಾದರೂ ‘ಮುನ್ನೂರಾ ಹದಿನೆಂಟು’ ಎಂದು ಬೈದರೆ ಬೈಸಿಕೊಂಡವನಿಗೂ ತಿಳಿಯುವುದಿಲ್ಲ.

ದೋಷ: ‘ಸ್ಟೇಷನ್ನಿನ್ಯಾಗ ನಾಕು ಬಿಟ್ಟರ ಒಪ್ಕೋತಾನ’ ಎಂದು ಹಿರಿಯರು ಸಲಹೆ ಕೊಡುತ್ತಾರೆ.
ಪರಿಹಾರ: ಪೊಲೀಸರ ಮುಂದೆ ಒಪ್ಪಿಕೊಂಡಿದ್ದನ್ನು ಆರೋಪಿಯ ವಿರುದ್ಧ ತಪ್ಪೊಪ್ಪಿಗೆಯೆಂದು ಕೋರ್ಟು ತೆಗೆದುಕೊಳ್ಳುವುದಿಲ್ಲ. ಹೇಳಿ ನೋಡಿ. ‘ಹಂಗಾರ ಸ್ಟೇಷನ್ ಯಾಕದ?’ ಎನ್ನುತ್ತಾರೆ. ಒಳ್ಳೆಯ ಪ್ರಶ್ನೆ, ಪ್ರಬಂಧಕ್ಕೆ ವಿಷಯ ಸಿಕ್ಕಿತು.

ದೋಷ: ಬಸವಣ್ಣ ಹುಟ್ಟಿದ್ದು ಬಾಗೇವಾಡಿಯಲ್ಲೋ, ಇಂಗಳೇಶ್ವರದಲ್ಲೋ ಎಂದು ತೀರ್ಪು ಕೇಳುತ್ತಾರೆ.
ಪರಿಹಾರ: ಹದ್ದು ಯಾವುದೇ ಇರಲಿ, ಯಾವ ಠಾಣೆಯಲ್ಲಾದರೂ ದೂರು ದಾಖಲಿಸಬಹುದಾದ ‘ಝೀರೋ ಎಫ್‌ಐಆರ್’ ಕುರಿತು ವಿವರಿಸಿ, ಎದ್ದು ಬನ್ನಿ.

ಕೊನೆಯ ಹಂತ: ಉಪಯೋಗ

ನೌಕರಿಯ ಆರ್ಡರು ಬರುವ ಮೊದಲೇ ಪದವಿಗೆ ಒಂದು ಕೆಲಸ ಬರುತ್ತದೆ. ಬದುವಿನ ಜಗಳದಲ್ಲಿ ಯಾರೋ ಕುಡುಗೋಲು ಎತ್ತಿರುತ್ತಾರೆ. ಪೊಲೀಸರಿಗೆ ಪಂಚನಾಮೆಗೆ ಪಂಚರು ಬೇಕು. ಕಾನೂನು ಕೇಳುವುದು ಆ ಊರ ಸ್ವತಂತ್ರ, ಮರ್ಯಾದಸ್ಥ ನಿವಾಸಿಗಳನ್ನು. ಅಂಥವರೆಲ್ಲ ಅವತ್ತು ಮುಂಜಾನೆಯೇ ಸಂತೆಗೆ ಹೋಗಿರುತ್ತಾರೆ. ‘ನಮ್ಮ ಹುಡುಗ ಇದನ್ನೇ ಓದ್ಯಾನ್ರೀ’ ಎಂದು ಕಾಕಾ ನಿಮ್ಮನ್ನು ಮುಂದೆ ತಳ್ಳುತ್ತಾನೆ. ಒಬ್ಬ ಪೇದೆ ಮೊಬೈಲಿನಲ್ಲಿ ಜಪ್ತಿಯ ವಿಡಿಯೊ ತೆಗೆಯುತ್ತಿರುತ್ತಾನೆ, ಇನ್ನೊಬ್ಬ ಹಾಳೆ ಮಡಚಿ ಹಿಡಿದು ಸಹಿಯ ಜಾಗದಲ್ಲಿ ಬೆರಳಿಟ್ಟಿರುತ್ತಾನೆ.

ಮಡಿಕೆ ಬಿಚ್ಚಿಸಿ, ಓದಿ. ಹೊಲದ ಚಕ್ಕುಬಂದಿ, ಕುಡುಗೋಲು ಸಿಕ್ಕ ಜಾಗ, ಹೊತ್ತು, ಎಲ್ಲವೂ ನೀವು ಕಣ್ಣಾರೆ ಕಂಡದ್ದೇನೋ ನೋಡಿ. ಕಂಡದ್ದಲ್ಲದಿದ್ದರೆ ‘ಸಾಹೇಬ್ರ, ಇದು ನಾ ನೋಡಿಲ್ರೀ’ ಎನ್ನಿ. ಸಾಹೇಬರ ಮುಖ ಸಣ್ಣಗಾಗುತ್ತದೆ, ಕಾಕಾನದು ಇನ್ನೂ ಸಣ್ಣಗಾಗುತ್ತದೆ. ಗಾಬರಿಯಾಗಬೇಡಿ, ಪದವಿ ಸರಿಯಾಗಿ ಕೆಲಸ ಮಾಡುತ್ತಿದೆ.