ಕಮ್ಮರಡಿ–ಕೊಪ್ಪ ಬಸ್ಸು: ಬಳಕೆದಾರರ ಕೈಪಿಡಿ

ಪೊಟ್ಟಣದಲ್ಲಿ ಇರುವುದು: ಇಪ್ಪತ್ತು ದಾಟಿದ, ಆಟಿಸಂ ಇರುವ ಮಗ ಒಬ್ಬ, ಕೊಡೆ ಒಂದು, ಬಟನ್ ಫೋನು ಒಂದು, ವಿಕಲಚೇತನರ ಗುರುತಿನ ಯುಡಿಐಡಿ ಕಾರ್ಡು ಒಂದು. ಧೈರ್ಯ ಇದರ ಜೊತೆ ಬರುವುದಿಲ್ಲ. ಅದನ್ನು ಅಮ್ಮ ಬೇರೆಯೇ ಹೊಂದಿಸಿಕೊಳ್ಳಬೇಕು.

ಜೋಡಣೆ ಕೊನೆಯಿಂದ ಶುರುವಾಗಲಿ. ಮೊದಮೊದಲು ಜೊತೆಗೇ ಹೋಗಿ, ಕೊಪ್ಪದಲ್ಲಿ ಎದ್ದು ಇಳಿಯುವುದನ್ನಷ್ಟೇ ಅವನಿಗೆ ಬಿಡಿ. ಅದು ರೂಢಿಯಾದ ಮೇಲೆ ಟಿಕೆಟ್ ಕೇಳುವುದು, ಆಮೇಲೆ ಸೀಟು ಹಿಡಿಯುವುದು, ಕಟ್ಟಕಡೆಗೆ ಕಮ್ಮರಡಿಯಲ್ಲಿ ಕೈ ಅಡ್ಡ ಹಿಡಿದು ಬಸ್ ನಿಲ್ಲಿಸುವುದು. ಹೀಗೆ ಹಿಂದಿನಿಂದ ಕಲಿಸಿದರೆ ಪ್ರತಿ ಪಾಠವೂ ಅವನ ಗೆಲುವಿನಲ್ಲೇ ಮುಗಿಯುತ್ತದೆ. ನೀವು ಪಕ್ಕದ ಸೀಟಿನಿಂದ ಹಿಂದಿನ ಸೀಟಿಗೆ, ಅಲ್ಲಿಂದ ಹಿಂದಿನ ಬಸ್ಸಿಗೆ ಜಾರಿಕೊಳ್ಳಿ. ಹಿಂದಿನ ಬಸ್ಸು ಬಾರದಿದ್ದರೆ ತಯಾರಕರು ಹೊಣೆಯಲ್ಲ.

ಎಚ್ಚರಿಕೆ. ದೊಡ್ಡ ಮರ, ಹಳದಿ ಗೇಟು ಎಂದು ಫೋಟೋ ಅಂಟಿಸಿ ಮಾಡಿದ ಗುರುತಿನ ಪಟ್ಟಿ ಬೇಸಿಗೆಗೆ ಸರಿ. ಜೂನಿನಲ್ಲಿ ಕಿಟಕಿ ಮುಚ್ಚಿ, ಗಾಜಿಗೆ ಮಂಜು ಹಿಡಿದು, ಮರವೂ ಇಲ್ಲ ಗೇಟೂ ಇಲ್ಲ. ಫೋನಿಗೆ ನೆಟ್‌ವರ್ಕ್ ಇರುತ್ತದೆಂದು ನಂಬಿದವರು ಮಲೆನಾಡಿನವರಲ್ಲ. ಹಾಗಾಗಿ ಮೈಗೆ ತಿಳಿಯುವ ಗುರುತನ್ನೂ ಕಲಿಸಿ: ಬಸ್ಸು ವಾಲುವ ತಿರುವು, ಎತ್ತಿ ಹಾಕುವ ಹಂಪು. ಒಂದು ದಿನ ಬೇಕೆಂದೇ ಬಸ್ ತಪ್ಪಿಸಿ. ಬಸ್ ತಪ್ಪಿದರೆ ಏನು ಮಾಡುವುದು ಎಂಬುದನ್ನು ನೀವು ಹತ್ತಿರ ಇರುವಾಗಲೇ ಕಲಿಯಲಿ.

ಭಾಷಾ ದೋಷ ಕಂಡುಬಂದರೆ, ಅದು ಅವನದಲ್ಲ. "ಈಗ ಬರ್ತದೆ" ಎಂದವರು ಮುಕ್ಕಾಲು ಗಂಟೆಯ ಲೆಕ್ಕದಲ್ಲಿ ಹೇಳಿರುತ್ತಾರೆ. ಅವನು ಈಗ ಎಂದರೆ ಈಗ ಎಂದೇ ತಿಳಿಯುತ್ತಾನೆ. "ಒಳಗೆ ಹೋಗಿ, ಒಳಗೆ" ಎಂದರೆ ಡ್ರೈವರನ ಮಗ್ಗುಲಿನವರೆಗೂ ಹೋದಾನು. ಟಿಕೆಟ್ಟಿನ ಬೆನ್ನಿಗೆ ಬರೆದುಕೊಟ್ಟ ಐದು ರೂಪಾಯಿ ಚಿಲ್ಲರೆಯನ್ನು ಕಂಡಕ್ಟರ್ ಮರೆತರೂ ಅವನು ಮರೆಯನು. ಅವನ ಈ ಸ್ವಭಾವವನ್ನು ರಿಪೇರಿ ಮಾಡಲು ಹೋಗಬೇಡಿ.

ನಿಜವಾಗಿ ರಿಪೇರಿ ಬೇಕಿರುವುದು ಸಹಪ್ರಯಾಣಿಕರಿಗೆ. "ಯಾರ ಮನೆಯವ? ಎಂಥ ಓದಿದ್ದು? ಯಾಕೆ ಮಾತಾಡಲ್ಲ?" ಮೂರನ್ನೂ ಒಂದೇ ಉಸಿರಿಗೆ ಕೇಳಬೇಡಿ ಮಾರಾಯ್ರೆ. ಒಂದು ಕೇಳಿ, ಕಾಯಿರಿ. ಉತ್ತರ ಬರದಿದ್ದರೆ ಕಿಟಕಿ ನೋಡಿ. ಅವನು ಕಿವಿ ಮುಚ್ಚಿಕೊಂಡರೆ ಅದು ಕಂಡಕ್ಟರನ ಸೀಟಿಯ ಸದ್ದಿಗೆ, ನಿಮಗಲ್ಲ.

ಹಳೆಯ ಮಾದರಿಯ ಬಿಡಿಭಾಗಗಳು ಈಗ ಸಿಗುವುದಿಲ್ಲ. ಮುಚ್ಚಿಹೋದ ಖಾಸಗಿ ಬಸ್ ಕಂಪನಿಯ ಕಾರ್ಮಿಕರೇ 1991ರಲ್ಲಿ ಕೊಪ್ಪದಲ್ಲಿ ಕಟ್ಟಿದ ಸಹಕಾರ ಸಾರಿಗೆ 2020ರ ಫೆಬ್ರವರಿಯಲ್ಲಿ ನಿಂತಿತು. ಯಾರು ಎಲ್ಲಿ ಇಳಿಯುತ್ತಾರೆಂದು ಕೇಳದೆಯೇ ತಿಳಿದಿದ್ದ ಕಂಡಕ್ಟರುಗಳೂ ಅದರ ಜೊತೆಗೇ ಬಸ್ಸಿನಿಂದ ಇಳಿದರು. ಈಗಿನ ಕಂಡಕ್ಟರಿಗೆ ಮುಂಚಿತವಾಗಿ ಒಂದು ಮಾತು ಹೇಳಿಡಿ. ಎರಡು ಬೇಡ, ಎರಡು ಹೇಳಿದರೆ ಅವನನ್ನು ಮಗುವಿನಂತೆ ಕೈಹಿಡಿದು ಇಳಿಸತೊಡಗುತ್ತಾರೆ.

ಪಾಸು: 2016ರ ವಿಕಲಚೇತನರ ಹಕ್ಕು ಕಾಯ್ದೆ ಪಟ್ಟಿ ಮಾಡಿರುವ 21 ವೈಕಲ್ಯಗಳಲ್ಲಿ ಆಟಿಸಂ ಕೂಡ ಒಂದು. ಕೆಎಸ್‌ಆರ್‌ಟಿಸಿಯ ರಿಯಾಯಿತಿ ಪಾಸಿಗೆ ವರ್ಷಕ್ಕೆ 660 ರೂಪಾಯಿ, ಮನೆಯಿಂದ 100 ಕಿಲೋಮೀಟರ್ ವ್ಯಾಪ್ತಿಗೆ. ಖಾಸಗಿ ಬಸ್ಸಿನಲ್ಲಿ ಇದು ನಡೆಯದು. ಹಾಗಾಗಿ ಕೆಂಪು ಬಸ್ಸು, ಬೇರೆ ಬಸ್ಸು ಎಂಬ ಪಾಠ ಮೊದಲೇ ಆಗಿರಲಿ, ಜೇಬಿನಲ್ಲಿ ಚಿಲ್ಲರೆಯೂ ಇರಲಿ. ಪಾಸು ಡಿಸೆಂಬರ್‌ವರೆಗೆ. ನವೀಕರಣಕ್ಕೆ ನೀವು ಹೋಗಬೇಡಿ, ಅವನನ್ನೇ ಕಳಿಸಿ.